ಕಿಟಕಿಗೆ ಮೋಸಂಬಿ, ಲೋಟಕ್ಕೆ ಕಿತ್ತಳೆ ಸಿಪ್ಪೆ

ಮೈಸೂರಿನ ಓದುಗರೊಬ್ಬರ ಪ್ರಶ್ನೆ: ಕಿತ್ತಳೆ, ನಿಂಬೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಒಣಗಿಸಿ, ದಾರಕ್ಕೆ ಪೋಣಿಸಿ ಕಿಟಕಿಗೆ ತೂಗುಹಾಕಬೇಕು ಅಂತ ಆಸೆ. ಉಳಿದದ್ದನ್ನು ಟೀಗೋ ಬಿಸಿನೀರಿಗೋ ಹಾಕಿಕೊಳ್ಳೋಣ ಅಂದುಕೊಂಡಿದ್ದೆ. ಒಟಿಜಿಯಲ್ಲಿ (ಬೇಕಿಂಗ್ ಮಾಡುವ ಕರೆಂಟಿನ ಪುಟ್ಟ ಒಲೆ) 120 ಡಿಗ್ರಿಗೆ ಇಟ್ಟರೆ ಕಿತ್ತಳೆ ಕಂದಾಗುತ್ತದೆ, ತೊಳೆಗಳು ಸಿಪ್ಪೆಯಿಂದ ಕಳಚಿ ಬೀಳುತ್ತವೆ. ಬಿಸಿಲಲ್ಲಿ ಒಣಗಿಸಿದ ನಿಂಬೆ ಡಬ್ಬಿಯಲ್ಲಿ ಬೂಷ್ಟು ಹಿಡಿಯಿತು. ಮೋಸಂಬಿ ಬಿಲ್ಲೆ ಹಾಕಿದ ಟೀ ಕಹಿಯೋ ಕಹಿ. ಎಲ್ಲಿ ತಪ್ಪುತ್ತಿದೆ? ಹಣ್ಣು ಒಣಗಿಸುವ ಯಂತ್ರ, ಡಿಹೈಡ್ರೇಟರ್, ಕೊಳ್ಳಲೇಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ, ಸದ್ಯಕ್ಕೆ ಕೊಳ್ಳಬೇಡಿ. ನಿಮ್ಮ ಒಟಿಜಿಯಲ್ಲೇ ಚೆನ್ನಾಗಿ ಆಗುತ್ತದೆ. ನಿಮ್ಮ ತೊಂದರೆ ಶುರುವಾಗುವುದು ಒಲೆಯ ಹತ್ತಿರ ಅಲ್ಲ, ಹಣ್ಣಿನ ಅಂಗಡಿಯಲ್ಲಿ.

ಈ ಬಿಲ್ಲೆ ತೂಗುಹಾಕುವ ಪದ್ಧತಿ ಬಂದಿರುವುದು ಯುರೋಪು, ಅಮೆರಿಕದ ಕ್ರಿಸ್‌ಮಸ್ ಅಲಂಕಾರದಿಂದ. ಅಲ್ಲಿನವರು ಬಳಸುವುದು ನೇವಲ್, ವೇಲೆನ್ಸಿಯಾ ಥರದ ಕಿತ್ತಳೆ ತಳಿಗಳ ಹಣ್ಣು. ಅದರ ಸಿಪ್ಪೆ ತೊಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಡ್ಡಲಾಗಿ ಕೊಯ್ದರೆ ಚಕ್ರದ ಥರ ಒಂದೇ ತುಂಡಾಗಿ ನಿಲ್ಲುತ್ತದೆ. ನಮ್ಮ ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಹಾಗಲ್ಲ. ಇವು ಮ್ಯಾಂಡರಿನ್ ಗುಂಪಿನ ಹಣ್ಣುಗಳು. ಸಿಪ್ಪೆ ಸಡಿಲ, ಒಳಗೆ ಗಾಳಿ, ಉಗುರು ತಾಗಿಸಿದರೆ ಸುಲಿದು ಬರುತ್ತದೆ. ತಿನ್ನುವವರಿಗೆ ಅದೇ ಸುಖ. ಬಿಲ್ಲೆ ಮಾಡುವವರಿಗೆ ಅದೇ ಕಷ್ಟ. ಒಣಗುವಾಗ ತೊಳೆ ಒಂದು ಲೆಕ್ಕದಲ್ಲಿ ಕುಗ್ಗುತ್ತದೆ, ಸಿಪ್ಪೆ ಇನ್ನೊಂದು ಲೆಕ್ಕದಲ್ಲಿ. ನಡುವೆ ಹಿಡಿದಿಡುವಂಥದ್ದು ಏನೂ ಇಲ್ಲ. ಕಳಚಿ ಬೀಳದೆ ಇನ್ನೇನು ಮಾಡುತ್ತದೆ?

ಹಾಗಾದರೆ ಕಿಟಕಿಗೆ ಯಾವುದು? ಮೋಸಂಬಿ. ಅದು ನೇವಲ್, ವೇಲೆನ್ಸಿಯಾಗಳ ಜಾತಿಯದೇ, ಸಿಪ್ಪೆ ಗಟ್ಟಿ. ಅನಂತಪುರದ ಕಡೆಯ ಸಾತ್‌ಗುಡಿಯೂ ಅದೇ ಬಳಗ. ಒಂದೇ ತೊಡಕು ಬಣ್ಣ. ನಮ್ಮ ಬಯಲುಸೀಮೆಯಲ್ಲಿ ರಾತ್ರಿಗಳು ಅಷ್ಟೊಂದು ತಣ್ಣಗಿರುವುದಿಲ್ಲ. ಚಳಿ ತಾಗದಿದ್ದರೆ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ, ಒಳಗೆ ಹಣ್ಣಾಗಿದ್ದರೂ ಹೊರಗೆ ಹಸಿರೇ. ಆ ಹಸಿರು ಒಣಗಿದಾಗ ಮಾಸಲು ಖಾಕಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಗಾಡಿಯಲ್ಲಿ ಹಳದಿಗೆ ತಿರುಗಿದ ಹಣ್ಣನ್ನೇ ಆರಿಸಿ. ಜ್ಯೂಸಿನವರು ಆಚೆಗಿಟ್ಟ ಸಣ್ಣ ಹಣ್ಣಾದರೂ ಪರವಾಗಿಲ್ಲ, ಸಣ್ಣ ಬಿಲ್ಲೆ ಬೇಗ ಒಣಗುತ್ತದೆ, ನೋಡೋಕೂ ಚೆಂದ.

ನಿಜವಾದ ಕಿತ್ತಳೆ ಬಣ್ಣವೇ ಬೇಕು ಅಂದರೆ ಎರಡು ದಾರಿ. ಒಂದು, ಸೂಪರ್‌ಮಾರ್ಕೆಟ್ಟಿನ ಆಮದು ಹಣ್ಣು. ಈಜಿಪ್ಟ್, ದಕ್ಷಿಣ ಆಫ್ರಿಕಾದಿಂದ ಬರುವ ಆರೆಂಜ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡು, ಕಿನ್ನೋ. ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿ 1935ರಲ್ಲಿ ಬಿಡುಗಡೆ ಮಾಡಿದ ಈ ತಳಿ ಈಗ ಪಂಜಾಬಿನ ಅಬೋಹರ್ ಕಡೆಯ ಮುಖ್ಯ ಬೆಳೆ. ಜನವರಿ, ಫೆಬ್ರವರಿಯಲ್ಲಿ ನಮ್ಮ ಗಾಡಿಗಳಲ್ಲೂ ರಾಶಿ ಬೀಳುತ್ತದೆ. ಇದೂ ಮ್ಯಾಂಡರಿನ್ ಕಡೆಯದೇ, ಆದರೆ ಸಿಪ್ಪೆ ಕೊಡಗಿನದ್ದರಷ್ಟು ಸಡಿಲ ಅಲ್ಲ. ಬೀಜ ಮಾತ್ರ ಜಾಸ್ತಿ. ಚಾಕುವಿನ ತುದಿಯಿಂದ ಬೀಜ ಎಬ್ಬಿಸಿ ತೆಗೆದರೆ ಅಲ್ಲೊಂದು ತೂತು ಉಳಿಯುತ್ತದೆ. ನನಗೆ ಆ ತೂತು ಬಿದ್ದ ಬಿಲ್ಲೆಗಳೇ ಇಷ್ಟ, ಬೆಳಕು ತೂರಿ ಬರುತ್ತದೆ.

ಈಗ ನಿಮ್ಮ ಕಹಿ ಟೀ. ಮೋಸಂಬಿ ಜ್ಯೂಸ್ ಮಾಡಿ ಒಂದು ಗಂಟೆ ಇಟ್ಟರೆ ಕಹಿಯಾಗುತ್ತದೆ ಅಲ್ವಾ? ಅದೇ ಸಂಗತಿ ಇಲ್ಲೂ. ಹಣ್ಣಿನ ಬಿಳಿ ನಾರು, ತೊಳೆಯ ಪೊರೆಗಳಲ್ಲಿ ರುಚಿಯೇ ಇಲ್ಲದ ಒಂದು ಪದಾರ್ಥ ಇರುತ್ತದೆ. ಹಣ್ಣು ಕೊಯ್ದು ರಸದ ಹುಳಿ ಅದಕ್ಕೆ ತಾಗಿದರೆ ಅದು ನಿಧಾನವಾಗಿ ಲಿಮೋನಿನ್ ಎಂಬ ಕಹಿ ಪದಾರ್ಥವಾಗುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ. ಬಿಲ್ಲೆ ಒಣಗಿಸುವುದು ಅಂದರೆ ಕೊಯ್ದು, ರಸ ಹರಿಯಬಿಟ್ಟು, ಗಂಟೆಗಟ್ಟಲೆ ಬಿಸಿ ಮಾಡುವುದು. ಕಹಿಗೆ ಇದಕ್ಕಿಂತ ಒಳ್ಳೆ ಆಹ್ವಾನ ಬೇಕಾ? ಕಿನ್ನೋದಲ್ಲೂ ಇದೇ ಗುಣ ಇದೆ. ಅಂದರೆ ಕಿಟಕಿಗೆ ಚೆನ್ನಾಗಿರುವ ಹಣ್ಣು ಲೋಟಕ್ಕೆ ಚೆನ್ನಾಗಿರುವುದಿಲ್ಲ. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಮುಗಿಸಬೇಕು ಅಂತ ಹೊರಟಿದ್ದೇ ನಿಮ್ಮ ಅರ್ಧ ಕಷ್ಟಕ್ಕೆ ಕಾರಣ.

ಲೋಟಕ್ಕೆ ಬೇಕಾದ್ದು ನೀವು ಬಿಲ್ಲೆ ಮಾಡಲಾಗದೆ ಬೈದುಕೊಂಡ ಆ ಸಡಿಲ ಸಿಪ್ಪೆಯ ಕಿತ್ತಳೆಯೇ. ಅದರ ಸಿಪ್ಪೆ ತೆಳು, ಬಿಳಿ ನಾರು ಕಡಿಮೆ, ಎಣ್ಣೆಯ ಚೀಲಗಳು ಜಾಸ್ತಿ. ಸಿಪ್ಪೆಯನ್ನು ಕಣ್ಣಿನ ಹತ್ತಿರ ಮಡಚಿದಾಗ ಚಿಮ್ಮಿ ಉರಿ ಬರಿಸುತ್ತದಲ್ಲ, ಅದೇ ಎಣ್ಣೆ. ಪರಿಮಳ ಎಲ್ಲಾ ಅದರಲ್ಲೇ ಇದೆ. ಹಣ್ಣು ತಿನ್ನಿ, ಸಿಪ್ಪೆ ಒಣಗಿಸಿ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿಯಲ್ಲಿ ಮ್ಯಾಂಡರಿನ್ ಸಿಪ್ಪೆಯನ್ನು ಒಣಗಿಸಿ ವರ್ಷಗಟ್ಟಲೆ ಹಳೆಯದು ಮಾಡಿ ಮಾರುತ್ತಾರೆ. ಚೆನ್‌ಪಿ ಅಂತ ಕರೆಯುತ್ತಾರೆ. ಮೂರು ವರ್ಷವಾದರೂ ಆಗಿರದಿದ್ದರೆ ಅದನ್ನು ಚೆನ್‌ಪಿ ಅಂತ ಒಪ್ಪುವುದಿಲ್ಲ, ಹಳೆಯದಾದಷ್ಟೂ ಬೆಲೆ ಏರುತ್ತದೆ. ನಮ್ಮಲ್ಲಿ ಅದೇ ಸಿಪ್ಪೆ ಗೊಜ್ಜಾಗುತ್ತದೆ, ಇಲ್ಲವೇ ಒಣಗಿ ಕಡಲೆಹಿಟ್ಟಿನ ಜೊತೆ ಮುಖಕ್ಕೆ ಹೋಗುತ್ತದೆ. ಟೀಗೂ ಸ್ವಲ್ಪ ಇಡಿ.

ಸಿಪ್ಪೆ ಒಣಗಿಸಲು ಒಲೆಯೇ ಬೇಕಿಲ್ಲ. ತೊಳೆದು ಒರೆಸಿ, ಸಣ್ಣ ಪಟ್ಟಿಗಳಾಗಿ ಹರಿದು, ಗಾಳಿಯಾಡುವ ಕಡೆ ನೆರಳಲ್ಲಿ ಮೊರದ ಮೇಲೆ ಹರಡಿ. ಒಣಹವೆಯಲ್ಲಿ ನಾಲ್ಕೈದು ದಿನದಲ್ಲಿ ಪಟ್ ಅಂತ ಮುರಿಯುವಷ್ಟು ಆಗುತ್ತದೆ. ಕಡು ಬಿಸಿಲಿಗೆ ಇಡಬೇಡಿ, ಪರಿಮಳವೂ ಹಾರುತ್ತದೆ, ಬಣ್ಣವೂ ಸಪ್ಪೆಯಾಗುತ್ತದೆ. ಒಂದು ಲೋಟಕ್ಕೆ ಎರಡು ಬೆರಳಗಲದ ತುಂಡು ಸಾಕು. ಕುದಿಸಬೇಡಿ. ಕುದಿದ ನೀರಿಗೆ ಹಾಕಿ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆದುಬಿಡಿ. ಶುಂಠಿ, ಒಂದೆರಡು ಕಾಳು ಮೆಣಸು ಸೇರಿಸಿದರೆ ಒಳ್ಳೆಯ ಕಷಾಯ. ಹಾಲಿನ ಟೀಗೆ ಹಣ್ಣಿನ ಬಿಲ್ಲೆ ಹಾಕುವ ಯೋಚನೆ ಬೇಡ. ಒಣಗಿದರೂ ಹುಳಿ ಎಲ್ಲಿಗೂ ಹೋಗಿರುವುದಿಲ್ಲ, ಹಾಲು ಒಡೆಯುತ್ತದೆ. ಬರೀ ಸಿಪ್ಪೆಯಾದರೆ ಅಷ್ಟು ಭಯವಿಲ್ಲ. ಆದರೂ ಡಿಕಾಕ್ಷನ್‌ನಲ್ಲಿ ನೆನೆಸಿ ಸೋಸಿ ಆಮೇಲೆ ಹಾಲು ಹಾಕಿ.

ಸೋಡಾಕ್ಕೋ ತಣ್ಣನೆಯ ಪಾನೀಯಕ್ಕೋ ಮೇಲೆ ತೇಲಿಬಿಡಲು ಬಿಲ್ಲೆಯೇ ಬೇಕು ಅಂದರೆ ನಿಂಬೆಯೇ ಸೈ. ಹೇಗೂ ಹುಳಿಗಾಗಿಯೇ ಹಾಕುವುದು, ಸ್ವಲ್ಪ ಕಹಿ ಅದರಲ್ಲಿ ಮುಚ್ಚಿಹೋಗುತ್ತದೆ. ಬಾರ್‌ಗಳಲ್ಲಿ ಈಗ ಹಸಿ ನಿಂಬೆಯ ಬದಲು ಒಣ ಬಿಲ್ಲೆ ಇಡುವುದು ರೂಢಿಯಾಗಿದೆ. ಕೆಡುವುದಿಲ್ಲ, ಮುಂಚೆಯೇ ಮಾಡಿಡಬಹುದು, ಫೋಟೋಗೂ ಚೆನ್ನಾಗಿ ಬರುತ್ತದೆ. ರಸ ಮಾತ್ರ ಅದರಿಂದ ನಿರೀಕ್ಷಿಸಬೇಡಿ.

ಸರಿ, ಒಲೆಗೆ ಬರೋಣ. ಕಿತ್ತಳೆ, ಮೋಸಂಬಿಯಲ್ಲಿ 100 ಗ್ರಾಂಗೆ ಸುಮಾರು 87 ಗ್ರಾಂ ನೀರೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ನೀರು ಹೋಗುತ್ತಾ ಹೋದಂತೆ ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ಆಗ 120 ಡಿಗ್ರಿ ಶಾಖ ಕೊಟ್ಟರೆ ಕಂದಾಗದೆ ಉಳಿಯಲು ಸಾಧ್ಯವೇ ಇಲ್ಲ. ಮೊದಲರ್ಧ ಗಂಟೆ ಏನೂ ಆಗುವುದಿಲ್ಲ, ನೀರು ಆರುವಾಗ ಬಿಲ್ಲೆ ತಣ್ಣಗಿರುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲಾ ಕೆಡುತ್ತದೆ. ಆದ್ದರಿಂದ ನಿಮ್ಮ ಒಟಿಜಿಯ ಗುಂಡಿ ಎಷ್ಟು ಕೆಳಗಿಳಿಯುತ್ತದೋ ಅಷ್ಟಕ್ಕೆ ಇಡಿ. ಹೆಚ್ಚಿನವುಗಳಲ್ಲಿ ಅದು 90 ಅಥವಾ 100. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ. ಇದರಿಂದ ಶಾಖವೂ ಇಳಿಯುತ್ತದೆ, ಆವಿಯೂ ಹೊರಗೆ ಹೋಗುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿದರೆ ಒಳಗಡೆ ಹಬೆ ತುಂಬಿ ಹಣ್ಣು ಬೇಯುತ್ತದೆಯೇ ಹೊರತು ಒಣಗುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಆ ತೆರೆದ ಬಾಗಿಲ ಬಗ್ಗೆ ನಿಗಾ ಇರಲಿ.

ದಪ್ಪ ಐದು ಮಿಲಿಮೀಟರ್ ಇದ್ದರೆ ಅಲಂಕಾರಕ್ಕೆ ಸರಿ. ನಿಂಬೆಗೆ ಮೂರು. ಅದಕ್ಕಿಂತ ತೆಳುವಾದರೆ ಹರಿದು ಹೋಗುತ್ತದೆ, ದಪ್ಪವಾದರೆ ನಡುವೆ ಹಸಿ ಉಳಿಯುತ್ತದೆ. ನಿಜ ಹೇಳಬೇಕೆಂದರೆ ದಪ್ಪ ಎಷ್ಟು ಅನ್ನುವುದಕ್ಕಿಂತ ಎಲ್ಲಾ ಬಿಲ್ಲೆಯೂ ಒಂದೇ ಸಮ ಇರುವುದು ಮುಖ್ಯ. ಕತ್ತರಿಸಿದ ಮೇಲೆ ಹತ್ತಿಬಟ್ಟೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿ. ಮೇಲಿನ ರಸ ಹೀರಿಕೊಂಡರೆ ಅಂಟುವುದು, ಕಪ್ಪಾಗುವುದು ಎರಡೂ ಕಡಿಮೆ. ತಟ್ಟೆಯ ಮೇಲೆ ಇಡಬೇಡಿ, ಒಟಿಜಿ ಜೊತೆ ಬರುವ ಕಂಬಿಯ ಜಾಲರಿ ಮೇಲೆ ಇಡಿ. ಬರೀ ಅಲ್ಯೂಮಿನಿಯಂ, ಕಬ್ಬಿಣದ ತಟ್ಟೆಗೆ ಹುಳಿ ತಾಗಬಾರದು, ಕಲೆ ಬೀಳುತ್ತದೆ. ತಟ್ಟೆ ಬಿಟ್ಟು ಬೇರೆ ಇಲ್ಲದಿದ್ದರೆ ಬೇಕಿಂಗ್ ಪೇಪರ್ ಹಾಸಿ, ಗಂಟೆಗೊಮ್ಮೆ ತಿರುವಿಹಾಕಿ. ಹೀಗೆ ಮೂರರಿಂದ ಐದು ಗಂಟೆ. ಏರ್‌ಫ್ರೈಯರ್‌ನಲ್ಲಿ 60, 70 ಡಿಗ್ರಿಯ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅರ್ಧ ಒಣಗಿ ಹಗುರಾದ ಬಿಲ್ಲೆಗಳನ್ನು ಅದರ ಫ್ಯಾನ್ ಹಾರಿಸಿ ಮೇಲಿನ ಕಾಯಿಲ್‌ಗೆ ಅಂಟಿಸಿಬಿಡುತ್ತದೆ, ಮೇಲೊಂದು ಜಾಲರಿ ಮುಚ್ಚಬೇಕು. ಬರೀ ಮೈಕ್ರೋವೇವ್‌ನಲ್ಲಿ ಮಾಡಬೇಡಿ. ಅಲ್ಲಲ್ಲಿ ಸುಟ್ಟು ಅಲ್ಲಲ್ಲಿ ಹಸಿ ಉಳಿಯುತ್ತದೆ.

ಡಿಹೈಡ್ರೇಟರ್ ಇರುವವರು 57 ಡಿಗ್ರಿಗೆ ಇಟ್ಟು ಎಂಟರಿಂದ ಹನ್ನೆರಡು ಗಂಟೆ ಬಿಡಬಹುದು. ಬಣ್ಣ ಉಳಿಯುವುದು ಇದರಲ್ಲೇ, ಅದನ್ನು ಒಪ್ಪಲೇಬೇಕು. 400 ವ್ಯಾಟಿನ ಯಂತ್ರ 10 ಗಂಟೆ ಓಡಿದರೆ 4 ಯೂನಿಟ್ ವಿದ್ಯುತ್. ಒಂದು ಕಿಲೋ ಹಣ್ಣಿಗೆ ಕೊನೆಗೆ ಸಿಗುವುದು ಹೆಚ್ಚೆಂದರೆ 150ರಿಂದ 200 ಗ್ರಾಂ. ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾಡುವವರಿಗೆ ಯಂತ್ರ ಯಾಕೆ? ಹಣ್ಣು, ಸೊಪ್ಪು, ಟೊಮೆಟೊ ಎಲ್ಲಾ ಒಣಗಿಸುವ ಹುಚ್ಚು ಇದ್ದರೆ ಮಾತು ಬೇರೆ.

ಆಯಿತೋ ಇಲ್ಲವೋ ಅಂತ ಬಿಸಿ ಇರುವಾಗ ನೋಡಬೇಡಿ. ಬಿಸಿಯಲ್ಲಿ ಎಲ್ಲವೂ ಮೆತ್ತಗೇ ಇರುತ್ತದೆ. ಆರಿದ ಮೇಲೆ ಬೆಳಕಿಗೆ ಹಿಡಿದರೆ ತೊಳೆಗಳು ಬಣ್ಣದ ಗಾಜಿನಂತೆ ಕಾಣಬೇಕು. ಅಲಂಕಾರದ ಬಿಲ್ಲೆ ಸ್ವಲ್ಪ ಬಾಗಿದರೆ ತೊಂದರೆ ಇಲ್ಲ. ಹೊರಗೆ ಗಾಳಿಯಲ್ಲಿ ತೂಗುತ್ತಾ ಉಳಿದದ್ದು ಒಣಗುತ್ತದೆ. ಡಬ್ಬಿಗೆ ಹೋಗುವ ಬಿಲ್ಲೆ ಮಾತ್ರ ಮುರಿಯಲೇಬೇಕು.

ನಿಮ್ಮ ನಿಂಬೆಗೆ ಬೂಷ್ಟು ಬಂದದ್ದು ಇದೇ ಕಾರಣಕ್ಕೆ. ಅಂಚು ಗರಿಗರಿ, ನಡುವಿನ ದಿಂಡು ಹಸಿ. ಡಬ್ಬಿ ಮುಚ್ಚಿದ ಮೇಲೆ ನಡುವಿನ ತೇವ ನಿಧಾನವಾಗಿ ಎಲ್ಲಾ ಕಡೆ ಹರಡುತ್ತದೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಣಗಿಸಿದ್ದನ್ನು ಗಾಜಿನ ಬಾಟಲಿಗೆ ಮುಕ್ಕಾಲು ಭಾಗದಷ್ಟು ಮಾತ್ರ ಸಡಿಲವಾಗಿ ತುಂಬಿ ಮುಚ್ಚಿ. ಒಂದು ವಾರ, ಹತ್ತು ದಿನ ದಿನಕ್ಕೊಮ್ಮೆ ಅಲುಗಾಡಿಸಿ ನೋಡಿ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ, ಬಿಲ್ಲೆಗಳು ಒಂದಕ್ಕೊಂದು ಅಂಟಿದರೆ, ಆ ಕ್ಷಣವೇ ತೆಗೆದು ಮತ್ತೆ ಒಣಗಿಸಿ. ಉದುರುದುರಾಗಿ ಸದ್ದು ಮಾಡುತ್ತಿದ್ದರೆ ಗೆದ್ದಿರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಂಜು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಗಾಜು ಅಂದದ್ದು. ಬೂಷ್ಟು ಹಿಡಿದ ಆ ಡಬ್ಬಿಯನ್ನು ಪೂರ್ತಿ ಎಸೆಯಿರಿ. ಕಂಡ ಬಿಲ್ಲೆ ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಆಸೆ ಬೇಡ.

ಬಿಸಿಲಲ್ಲಿ ಒಣಗಿಸುವುದು ತಪ್ಪಲ್ಲ. ಹಪ್ಪಳ, ಸಂಡಿಗೆ, ಬಾಳಕಕ್ಕೆ ಯಾವ ಬಿಸಿಲು ಆಗುತ್ತದೋ ಅದೇ ಬಿಸಿಲು ಇದಕ್ಕೂ ಆಗುತ್ತದೆ. ಸಂಕ್ರಾಂತಿಯಿಂದ ಯುಗಾದಿ ಆಸುಪಾಸಿನವರೆಗೆ ಬಯಲುಸೀಮೆಯ ಗಾಳಿ ಒಣಗಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಬಿಸಿಲು ಸುಡುತ್ತಿದ್ದರೂ ಗಾಳಿಯಲ್ಲಿ ತೇವ ಇರುತ್ತದೆ. ಮಂಗಳೂರಿನವರು ಒಲೆಯನ್ನೇ ನಂಬುವುದು ಒಳ್ಳೆಯದು. ಸಂಜೆ ಐದಕ್ಕೆಲ್ಲ ಒಳಗೆ ತನ್ನಿ, ಇಲ್ಲವಾದರೆ ಹಗಲು ಕಳೆದ ತೇವವನ್ನು ರಾತ್ರಿ ಇಬ್ಬನಿಯಲ್ಲಿ ಮತ್ತೆ ಕುಡಿಯುತ್ತದೆ. ತೆಳು ಬಟ್ಟೆ ಮುಚ್ಚಿ, ನೊಣಕ್ಕೂ ಆಯಿತು, ಬಣ್ಣಕ್ಕೂ ಆಯಿತು. ಬಿಸಿಲಲ್ಲಿ ಒಣಗಿಸಿದ್ದನ್ನು ಕುಡಿಯಲು ಬಳಸುವುದಾದರೆ ಕೊನೆಗೆ ಎರಡು ದಿನ ಫ್ರೀಜರ್‌ನಲ್ಲಿ ಇಟ್ಟು ತೆಗೆಯಿರಿ. ಕಣ್ಣಿಗೆ ಕಾಣದ ಹುಳದ ಮೊಟ್ಟೆಗಳಿದ್ದರೆ ಸಾಯುತ್ತವೆ.

ಇಲ್ಲೊಂದು ವಿಚಿತ್ರ ನೋಡಿ. ನಮ್ಮಲ್ಲಿ ನಿಂಬೆ ಅಗ್ಗವಾಗುವುದು ಮಳೆಗಾಲದಲ್ಲಿ. ಒಳ್ಳೆಯ ಬಿಸಿಲು ಇರುವ ಮಾರ್ಚ್, ಏಪ್ರಿಲ್‌ನಲ್ಲಿ ಅದರ ಬೆಲೆ ಆಕಾಶದಲ್ಲಿ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ ರಾಶಿ ರಾಶಿ ನಿಂಬೆ ಬೆಳೆಯುತ್ತಾರೆ. ಬಿಸಿಲಿಗೂ ಅಲ್ಲಿ ಬರವಿಲ್ಲ. ಆದರೆ ಎರಡೂ ಒಂದೇ ತಿಂಗಳಲ್ಲಿ ಕೂಡಿ ಬರುವುದು ಕಷ್ಟ. ಬಹುಶಃ ಅದಕ್ಕೇ ನಾವು ನಿಂಬೆಯನ್ನು ಒಣಗಿಸುವ ಬದಲು ಉಪ್ಪಿಗೆ ಹಾಕಿದೆವು.

ಒಮಾನ್, ಇರಾನ್, ಇರಾಕ್‌ನವರು ಇಡೀ ನಿಂಬೆಯನ್ನೇ ಒಣಗಿಸುತ್ತಾರೆ. ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯವರಿಗೆ ಈ ಲೂಮಿ ಗೊತ್ತಿರುತ್ತದೆ, ಕಬ್ಸಾ, ಮಚ್ಬೂಸ್ ಅನ್ನದಲ್ಲಿ ಕಪ್ಪು ಗೋಲಿಯಂತೆ ಸಿಗುತ್ತದೆ. ಇರಾಕ್‌ನಲ್ಲಿ ಅದನ್ನು ಒಡೆದು ಟೀ ಥರ ಕುದಿಸಿ ಕುಡಿಯುತ್ತಾರೆ. ಮಾಡುವುದು ಸುಲಭ. ಕಲೆಯಿಲ್ಲದ ಸಣ್ಣ ನಿಂಬೆಗಳನ್ನು ಉಪ್ಪುನೀರಿನಲ್ಲಿ ಮೂರರಿಂದ ಐದು ನಿಮಿಷ ಕುದಿಸಿ, ಒರೆಸಿ, ಬಿಸಿಲಿಗೆ ಹಾಕಿ. ಮೂರು ನಾಲ್ಕು ವಾರ ಬೇಕು. ಹಗುರಾಗಿ, ತಟ್ಟಿದರೆ ಟೊಳ್ಳು ಸದ್ದು ಬರುವಂತಾದರೆ ಮುಗಿಯಿತು. ಒಡೆದಾಗ ಒಳಗೆ ಕಪ್ಪಗಿರುತ್ತದೆ, ಅದು ಕೆಟ್ಟದ್ದಲ್ಲ, ಇರಬೇಕಾದ್ದೇ ಹಾಗೆ. ಬಿಳಿ ಇಲ್ಲವೇ ಹಸಿರು ಹತ್ತಿಯಂತಹ ಬೂಷ್ಟು ಕಂಡರೆ ಮಾತ್ರ ಬಿಸಾಡಿ. ಬೀಜ ತೆಗೆದು ಬಳಸಿ. ಒಂದು ಲೋಟಕ್ಕೆ ಅರ್ಧ ನಿಂಬೆ, ಸ್ವಲ್ಪ ಬೆಲ್ಲ. ನನ್ನನ್ನು ಕೇಳಿದರೆ ಕುಡಿಯಲು ಒಣಗಿಸುವ ನಿಂಬೆ ಜಾತಿಯ ಹಣ್ಣುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಎರಡು ಎಚ್ಚರಿಕೆ. ಆಮದು ಹಣ್ಣಿನ ಆ ಹೊಳಪು ಮೇಣದ್ದು. ಅದರ ಜೊತೆಗೆ ಬೂಷ್ಟು ಬಾರದಂತೆ ಇಮಜಾಲಿಲ್ ಥರದ ಔಷಧಿಯನ್ನೂ ಸಿಪ್ಪೆಗೆ ಹಚ್ಚಿರುವುದುಂಟು. ಕಿಟಕಿಗೆ ಏನೂ ಆಗುವುದಿಲ್ಲ. ಲೋಟಕ್ಕೆ ಆ ಸಿಪ್ಪೆ ಬೇಡ, ಪರಿಚಯದ ತೋಟದ ಹಣ್ಣು ಸಿಕ್ಕರೆ ಅದನ್ನೇ ಬಳಸಿ. ಇನ್ನೊಂದು, ಚಕ್ಕೋತ. ದೇವನಹಳ್ಳಿಯ ಚಕ್ಕೋತದ ಬಿಲ್ಲೆ ಒಣಗಿದರೆ ಅಂಗೈ ಅಗಲದ ಚಂದ್ರ, ತೂಗುಹಾಕಲು ಅದಕ್ಕಿಂತ ಚೆಂದದ್ದಿಲ್ಲ. ಕುಡಿಯಲು ಮಾತ್ರ ಯೋಚಿಸಿ. ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿರುವ ಕೆಲವು ಪದಾರ್ಥಗಳು ಔಷಧಿಯನ್ನು ದೇಹ ಕರಗಿಸುವ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಕೊಲೆಸ್ಟೆರಾಲ್‌ನ ಕೆಲವು ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಲ್ಲಿ ಔಷಧಿಯ ಪ್ರಮಾಣ ರಕ್ತದಲ್ಲಿ ಏರಿಬಿಡಬಹುದು. ಒಣಗಿಸಿದ ಮಾತ್ರಕ್ಕೆ ಆ ಗುಣ ಹೋಗುತ್ತದೆ ಅಂತ ನಂಬಬೇಡಿ. ಮನೆಯಲ್ಲಿ ಇಂಥ ಮಾತ್ರೆ ತಗೊಳ್ಳುವವರಿದ್ದರೆ ವೈದ್ಯರನ್ನು ಕೇಳಿ. ಹಾಗೇ, ಒಣ ಬಿಲ್ಲೆಯ ನೀರಿನಿಂದ ವಿಟಮಿನ್ ಸಿ ಸಿಗುತ್ತದೆ ಅಂತಲೂ ಲೆಕ್ಕ ಹಾಕಬೇಡಿ. ಅದರಲ್ಲಿ ಬಹುಪಾಲು ಒಣಗಿಸುವಾಗಲೇ ಹೋಗಿರುತ್ತದೆ. ಸಿ ಬೇಕಾದರೆ ಹಸಿ ನಿಂಬೆ ಹಿಂಡಿ.

ತೂಗುಹಾಕುವುದರ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಸಿಪ್ಪೆಯ ಪಕ್ಕದ ತೊಳೆಯಲ್ಲಿ ಸೂಜಿ ಚುಚ್ಚಿ, ಸಿಪ್ಪೆಯಲ್ಲೇ ಚುಚ್ಚಿದರೆ ಸೀಳುತ್ತದೆ. ನಡುವೆ ಚಕ್ಕೆ, ಚಕ್ರಮೊಗ್ಗು ಕಟ್ಟಿದರೆ ಪರಿಮಳವೂ ಬರುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರ ಮನೆಯಲ್ಲಿ ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸುತ್ತದೆ, ಬಿಲ್ಲೆ ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಇಲ್ಲಿ ಡಿಸೆಂಬರ್, ಜನವರಿ ದಾಟಿಸಬಹುದು, ಮೊದಲ ಮಳೆಗೆ ಮೆತ್ತಗಾಗುತ್ತದೆ. ಬಣ್ಣವಿಲ್ಲದ ವಾರ್ನಿಷ್ ಸ್ಪ್ರೇ ಮಾಡಿದರೆ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಸ್ಪ್ರೇ ಮಾಡಿದ್ದನ್ನು ತಿನ್ನುವಂತಿಲ್ಲ, ಅದು ಮಕ್ಕಳಿಗೂ ಗೊತ್ತಿರಲಿ. ನೇರ ಬಿಸಿಲು ಬೀಳುವ ಕಿಟಕಿಯಲ್ಲಿ ಬಣ್ಣ ಬೇಗ ಮಾಸುತ್ತದೆ, ಉತ್ತರ ದಿಕ್ಕಿನ ಕಿಟಕಿ ವಾಸಿ. ದೀಪ, ಮೇಣದಬತ್ತಿಯ ಹತ್ತಿರ ಕಟ್ಟಬೇಡಿ. ಸಿಪ್ಪೆಯ ಎಣ್ಣೆ ಚೆನ್ನಾಗಿ ಉರಿಯುತ್ತದೆ. ಇರುವೆಗಳಿಗೆ ಇದು ಮಿಠಾಯಿ ಅಂಗಡಿ ಅನ್ನುವುದು ನಿಮಗೆ ಈಗಾಗಲೇ ಗೊತ್ತಾಗಿರಬಹುದು. ದಾರ ಗೋಡೆಗೆ ತಾಗದಂತೆ ಕಟ್ಟಿ, ಮೇಲಿನ ಗಂಟಿಗೆ ಒಂದಿಷ್ಟು ಲವಂಗದ ಎಣ್ಣೆ ಸವರಿ.

ಈಗ ಕೈಯಲ್ಲಿರುವ ಕಂದು ಬಿಲ್ಲೆಗಳನ್ನು ಎಸೆಯಬೇಡಿ. ಬೂಷ್ಟು ಇಲ್ಲದಿದ್ದರೆ ಸಾಕು. ಮೀನು ಹುರಿದ ದಿನ ಒಂದು ಪಾತ್ರೆ ನೀರಿಗೆ ಹಾಕಿ, ಚಕ್ಕೆಯ ತುಂಡಿನ ಜೊತೆ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಅಡುಗೆಮನೆಯ ವಾಸನೆ ಹೋಗುತ್ತದೆ.